ಹುಳ ಹತ್ತದ ಹಲಗೆ

ಆ ರಸ್ತೆಯಲ್ಲಿ ಅವನ ನಿಜವಾದ ಹೆಸರು ಅಂಗಡಿಯ ಬೋರ್ಡಿಗೆ ಬಿಟ್ಟರೆ ಬೇರೆ ಯಾರಿಗೂ ನೆನಪಿರಲಿಲ್ಲ. ಎಲ್ಲರ ಬಾಯಲ್ಲೂ ಅವನು ಗ್ಯಾರಂಟಿ. ಪ್ಲೈವುಡ್ ಮಾರುವವರು ಅಲ್ಲಿ ಇನ್ನೂ ನಾಲ್ವರಿದ್ದರು. ಆದರೆ ಹಲಗೆಯ ಮೇಲೆ ಅಂಗೈ ಬಡಿದು, ಇಪ್ಪತ್ತೈದು ವರ್ಷ ಗ್ಯಾರಂಟಿ, ಹುಳ ಹತ್ತಲ್ಲ ಎಂದಾಗ ಕೇಳುವವನಿಗೆ ತನ್ನ ಆಯುಸ್ಸೇ ಇಪ್ಪತ್ತೈದು ವರ್ಷ ಹೆಚ್ಚಾದಂತೆ ಅನ್ನಿಸುವ ಹಾಗೆ ಹೇಳಬಲ್ಲವನು ಇವನೊಬ್ಬನೇ.

ಕೌಂಟರಿನ ಮೇಲೆ ಒಂದು ಗಾಜಿನ ಜಾಡಿ ಇತ್ತು. ಅದರೊಳಗೆ ಅಂಗೈಯಗಲದ ಪ್ಲೈ ತುಂಡು, ಅದರ ಸುತ್ತ ಒಂದು ಚಮಚದಷ್ಟು ಸತ್ತ ಗೆದ್ದಲು. ಎಂಟು ವರ್ಷಗಳ ಹಿಂದೆ ಮೂವರು ಗಿರಾಕಿಗಳ ಎದುರಿನಲ್ಲೇ ಅವುಗಳನ್ನು ಜೀವಂತ ಒಳಗೆ ಹಾಕಿ ಮುಚ್ಚಳ ಬಿಗಿದಿದ್ದ. ಅಂದಿನಿಂದ ಆ ಗೆದ್ದಲುಗಳು ಸಂಬಳವಿಲ್ಲದೆ, ರಜೆಯಿಲ್ಲದೆ ಅಂಗಡಿಗೆ ದುಡಿಯುತ್ತಿದ್ದವು. ಅನುಮಾನದ ಗಿರಾಕಿ ಬಂದರೆ ಗ್ಯಾರಂಟಿ ವಾದಕ್ಕೆ ಇಳಿಯುತ್ತಿರಲಿಲ್ಲ. ಜಾಡಿಯನ್ನು ಮೆಲ್ಲಗೆ ಅವನ ಕಡೆಗೆ ತಳ್ಳುತ್ತಿದ್ದ, ಅಷ್ಟೆ.

ಮೂವತ್ತೆರಡು ವರ್ಷ ಅಂಟಿನ ಗಾಳಿ ಕುಡಿದು ಅವನ ಮೂಗು ಎಂದೋ ಕೆಲಸ ಬಿಟ್ಟಿತ್ತು. ಹೊಸ ಶೀಟುಗಳು ಬಂದ ದಿನ ಒಳಗೆ ಕಾಲಿಟ್ಟವರ ಕಣ್ಣಲ್ಲಿ ನೀರು ಬರುತ್ತಿತ್ತು. ರೇಟು ಕೇಳುವ ಮುಂಚೆಯೇ ಯಾಕೆ ಅಳುತ್ತಾರೋ ಎಂದು ಅವನು ಹಾಸ್ಯ ಮಾಡುತ್ತಿದ್ದ. ಹಾಲು ಹೊತ್ತಿದ್ದೂ ಗೊತ್ತಾಗುತ್ತಿರಲಿಲ್ಲ, ಮಲ್ಲಿಗೆಯೂ ಗೊತ್ತಾಗುತ್ತಿರಲಿಲ್ಲ. ವ್ಯಾಪಾರಕ್ಕೆ ಕಣ್ಣು ಸಾಕು, ಬಾಯಿ ಸಾಕು, ಮೂಗಿನಿಂದ ಏನಾಗಬೇಕು ಎಂದುಕೊಂಡಿದ್ದ.

ಹೆಂಡತಿ ಮನೆಯ ಮುಂದಿನ ಕೋಣೆಯಲ್ಲಿ ಬಟ್ಟೆ ಹೊಲಿಯುತ್ತಿದ್ದಳು. ನಾಲ್ಕು ವರ್ಷಗಳ ಕೆಳಗೆ ಮಹಡಿಯ ಬಾಡಿಗೆಯವನು ಮನೆ ಖಾಲಿ ಮಾಡುವಾಗ ಎರಡಡಿ ಉದ್ದದ ಗಾಜಿನ ತೊಟ್ಟಿಯೊಂದನ್ನು ಬಿಟ್ಟು ಹೋಗಿದ್ದ. ಅದರೊಳಗೆ ಮೊಣಕೈಯುದ್ದದ ಓತಿಕ್ಯಾತ. ಗಂಟಲಿನ ಸುತ್ತ ಮುಳ್ಳುಮುಳ್ಳಾದ ಗಡ್ಡ, ಒಣಹುಲ್ಲಿನ ಬಣ್ಣ, ಯಾವುದಕ್ಕೂ ಅವಸರವಿಲ್ಲದ ಕಣ್ಣು. ಇದರ ಬಾಡಿಗೆ ಯಾರು ಕೊಡ್ತಾರೆ ಎಂದು ಗ್ಯಾರಂಟಿ ಮೆಟ್ಟಿಲ ಮೇಲೆ ನಿಂತೇ ಕೇಳಿದ್ದ. ಅವಳು ತೊಟ್ಟಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ಸ್ವಲ್ಪ ಹೊತ್ತು ನೋಡಿದಳು.

"ರೀ, ಇದು ಥೇಟ್ ನಿಮ್ಮಪ್ಪನ ಹಾಗಿದೆ. ಆ ಗಡ್ಡ ನೋಡಿ, ಕೂತಿರೋ ಠೀವಿ ನೋಡಿ. ಮೂರು ಸಲ ಕರೆದ್ರೆ ಒಂದು ಸಲ ತಿರುಗುತ್ತೆ."

ಅಂದಿನಿಂದ ಅದು ಮಾವ. ಮಾವನೋರ ಊಟ ಆಯ್ತು, ಮಾವನೋರು ಇವತ್ತು ಮುನಿಸಿಕೊಂಡಿದ್ದಾರೆ, ಮಾವನೋರ ದೀಪ ಹಾಕಿದ್ರಾ. ನಿಜವಾದ ಮಾವ, ಅಂದರೆ ಅಂಗಡಿ ಕಟ್ಟಿದ ದೊಡ್ಡ ಸಾಹುಕಾರ, ತೀರಿಹೋಗಿ ಹತ್ತು ವರ್ಷವಾಗಿತ್ತು. ಬದುಕಿದ್ದಾಗ ಅವರ ಎದುರು ತಲೆಯೆತ್ತದ ಸೊಸೆ, ಹೊಲಿಗೆ ಯಂತ್ರ ತುಳಿಯುತ್ತಾ ಈ ಮಾವನಿಗೆ ಬೆಳಗಿನಿಂದ ಸಂಜೆವರೆಗೆ ಮನೆಯ ಕಷ್ಟಸುಖವನ್ನೆಲ್ಲ ಒಪ್ಪಿಸುತ್ತಿದ್ದಳು. ಆ ಜಾತಿಯ ಓತಿಕ್ಯಾತಕ್ಕೆ ಆಗಾಗ ತಲೆ ಮೇಲೆ ಕೆಳಗೆ ಆಡಿಸುವ ಅಭ್ಯಾಸ. ಆಡಿಸಿತೆಂದರೆ ಅವಳು ಗಂಡನ ಕಡೆ ತಿರುಗಿ, ನೋಡಿ, ಮಾವನೋರು ಒಪ್ಪಿದ್ರು, ಇನ್ನು ನೀವು ಮಾತಾಡೋ ಹಾಗಿಲ್ಲ ಎನ್ನುತ್ತಿದ್ದಳು. ಮನೆಗೆ ಹೊಸ ಫ್ರಿಜ್ ಬಂದದ್ದು ಹಾಗೆಯೇ.

ಮಾವನಿಗೆ ಎರಡಡಿ ಸಾಲದು ಎಂದು ಅವಳು ಒಂದು ವರ್ಷದಿಂದ ಹೇಳುತ್ತಿದ್ದಳು. ಅಂಗಡಿ ತುಂಬ ಹಲಗೆ ಇಟ್ಟುಕೊಂಡು ಹೆಂಡತಿಗೆ ನಾಲ್ಕು ತುಂಡು ಕೊಡಲಾರದ ಗಂಡನನ್ನು ಯಾವ ಕಾರ್ಖಾನೆಯಲ್ಲಿ ಮಾಡುತ್ತಾರೋ ಎನ್ನುತ್ತಿದ್ದಳು. ಒಳ್ಳೇ ಲೋಡ್ ಬರಲಿ ಎಂದು ಅವನು ಮುಂದೂಡುತ್ತಿದ್ದ. ಒಂದು ದಿನ ಅವಳು ಬಾಯಿಬಿಟ್ಟು ಹೇಳಿಯೇಬಿಟ್ಟಳು.

"ಒಳ್ಳೇದೇ ಯಾಕೆ ಬೇಕು? ಪಕ್ಕದ ಗಾಜಿನಂಗಡಿ ಹಿಂದೆ ಪ್ಯಾಕಿಂಗ್ ಪೆಟ್ಟಿಗೆ ಹಲಗೆ ಬಿದ್ದಿರುತ್ತಲ್ಲ, ಅದೇ ಸಾಕು."

ಆ ಮಾತು ಅವನಿಗೆ ನಾಟಿತು. ಗಾಜಿನ ಹಾಳೆಗಳು ಬರುವ ಆ ಪೈನ್ ಪೆಟ್ಟಿಗೆಗಳನ್ನು ಅವನು ಇಪ್ಪತ್ತು ವರ್ಷದಿಂದ ಒಲೆಗೆ ಹಾಕೋ ಮರ ಎಂದು ಹಂಗಿಸುತ್ತಾ ಬಂದವನು. ಗಾಜಿನಂಗಡಿಯವನ ಜೊತೆ ಅವನ ಸ್ನೇಹ ನಿಂತಿದ್ದದ್ದೇ ಪರಸ್ಪರ ಮಾಲನ್ನು ಬೈದುಕೊಳ್ಳುವುದರ ಮೇಲೆ.

"ನಮ್ಮಪ್ಪನ್ನ ಪ್ಯಾಕಿಂಗ್ ಪೆಟ್ಟಿಗೇಲಿ ಕೂರಿಸ್ತೀಯಾ?" ಎಂದ. "ನೋಡಿದವರು ಏನಂತಾರೆ? ಮುಂದಿನ ವಾರ ನಾನೇ ಮಾಡಿಸ್ತೀನಿ, ನಂಬರ್ ಒನ್ ಮಾಲಲ್ಲಿ."

ವ್ಯಾಪಾರಿಯ ಮುಂದಿನ ವಾರ ಎಂಥದ್ದೆಂದು ಬಲ್ಲವಳು, ತಾರೀಕು ಕೇಳಲಿಲ್ಲ.

ಒಂದು ಮಂಗಳವಾರ ಬೆಳಿಗ್ಗೆ ಯಾರದೋ ಅಂಗಿಗೆ ಗುಂಡಿಯ ಕಾಜಾ ಹಾಕುತ್ತಿದ್ದವಳು ಯಂತ್ರದ ಮೇಲೆ ತಲೆಯಿಟ್ಟಳು. ಮತ್ತೆ ಎತ್ತಲಿಲ್ಲ. ತಲೆಯೊಳಗೆ ಒಂದು ರಕ್ತನಾಳ ಒಡೆದಿತ್ತಂತೆ. ಅಂಗಿಯಲ್ಲಿ ಮೂರು ಕಾಜಾ ಆಗಿತ್ತು, ಇನ್ನೂ ನಾಲ್ಕು ಬಾಕಿ ಇತ್ತು.

ಎಲ್ಲ ಮುಗಿದ ಮೇಲೆ ಮೂರನೇ ದಿನಕ್ಕೆ ಗ್ಯಾರಂಟಿ ಅಂಗಡಿಯ ಶಟರ್ ಎತ್ತಿದ. ಬಂದವರಿಗೆ ಶೀಟು ತೋರಿಸಿದ, ಚೌಕಾಸಿಗೆ ಕೂತವರಿಗೆ ಚೌಕಾಸಿ ಮಾಡಿದ. ಕಣ್ಣಲ್ಲಿ ಒಂದು ಹನಿ ನೀರಿಲ್ಲ. ಗಾಜಿನಂಗಡಿಯವನು ದಿನಕ್ಕೆರಡು ಸಲ ಬಂದು ಅವನ ಮುಖ ನೋಡಿ ಹೋಗುತ್ತಿದ್ದ, ನೀರು ಬಂತೇ ಎಂದು ನಲ್ಲಿ ತಿರುಗಿಸಿ ನೋಡುವವರ ಹಾಗೆ. ಗ್ಯಾರಂಟಿಗೆ ತಾನು ಅಳಬೇಕೆಂದು ಗೊತ್ತಿತ್ತು. ಬಹಳ ಹೊತ್ತು ಚಕ್ಕಳಮಕ್ಕಳ ಹಾಕಿ ಕೂತರೆ ಕಾಲು ಜೋಮು ಹಿಡಿದು, ಮುಟ್ಟಿದರೆ ಬೇರೆ ಯಾರದೋ ಕಾಲು ಮುಟ್ಟಿದಂತಾಗುತ್ತದಲ್ಲ, ಅವನಿಗೆ ಮೈಯೆಲ್ಲ ಹಾಗಾಗಿತ್ತು. ಒಂದು ದಿನ ಶೀಟಿನ ಅಂಚು ತಗುಲಿ ಹೆಬ್ಬೆರಳು ಸೀಳಿತು. ರಕ್ತ ಬಿಲ್ ಪುಸ್ತಕದ ಮೇಲೆ ಬಿದ್ದಾಗಲೇ ಅವನಿಗೆ ಗೊತ್ತಾದದ್ದು.

ಜನ ಬಂದು ಹೋಗುವ ಗದ್ದಲದಲ್ಲಿ ಯಾರೋ ಬಾಡಿಗೆ ಕುರ್ಚಿಗಳ ಅಟ್ಟಿಯನ್ನು ಮಾವನ ತೊಟ್ಟಿಗೆ ಒರಗಿಸಿ, ಒಂದು ಬದಿಯ ಗಾಜು ಮೂಲೆಯಿಂದ ಮೂಲೆಗೆ ಸೀಳಿತ್ತು. ಗ್ಯಾರಂಟಿ ಅದಕ್ಕೆ ಪ್ಯಾಕಿಂಗ್ ಟೇಪು ಅಂಟಿಸಿದ. ದೀಪದ ಶಾಖವೆಲ್ಲ ಸಂದಿಯಿಂದ ಹೊರಗೆ ಹೋಗುತ್ತಿತ್ತು. ಚಳಿಗಾಲ ಹತ್ತಿರ ಬರುತ್ತಿತ್ತು. ಮಾವ ದೀಪದ ಕೆಳಗಿನ ಕಲ್ಲನ್ನು ತಬ್ಬಿಕೊಂಡು ಬಿದ್ದಿರುತ್ತಿತ್ತು. ತಲೆ ಆಡಿಸುವುದನ್ನು ಬಿಟ್ಟುಬಿಟ್ಟಿತ್ತು, ಒಪ್ಪಲು ಏನೂ ಉಳಿದಿಲ್ಲ ಎನ್ನುವ ಹಾಗೆ.

ಮಗಳು ಹತ್ತು ನಿಮಿಷದ ದಾರಿಯಲ್ಲಿದ್ದಳು. ಹಲ್ಲಿನ ಡಾಕ್ಟರ ಬಳಿ ಸಹಾಯಕಿ. ನೋವಾಗುವ ಮಾತನ್ನು ಮೆಲ್ಲಗೆ, ಒಂದೇ ಸಲಕ್ಕೆ ಹೇಳಿಬಿಡುವುದು ಅವಳ ಕೆಲಸವೇ. ಅಮ್ಮ ಹೋಗಿ ನಲವತ್ತು ದಿನವಾದ ಭಾನುವಾರ ಅಪ್ಪನ ಊಟದ ಡಬ್ಬಿ ತಂದಳು, ನಿನ್ನೆಯ ಡಬ್ಬಿ ಮುಕ್ಕಾಲು ಪಾಲು ಹಾಗೇ ಇದ್ದದ್ದನ್ನು ನೋಡಿದಳು, ತೊಟ್ಟಿಯ ಟೇಪು ನೋಡಿದಳು.

"ಅಪ್ಪ, ನಿನ್ನ ಕೈಲಿ ನಿನ್ನನ್ನೇ ನೋಡಿಕೊಳ್ಳೋಕೆ ಆಗ್ತಿಲ್ಲ. ಇದನ್ನ ಸಾಕುಪ್ರಾಣಿ ಅಂಗಡಿಯವರಿಗೆ ಕೊಡ್ತೀನಿ. ಅವರ ಹತ್ರ ದೊಡ್ಡ ಮನೆ ಇದೆ, ಇನ್ನೆರಡು ಇದಾವಂತೆ. ಮುಂದಿನ ಭಾನುವಾರ ಬಂದು ತಗೊಂಡು ಹೋಗ್ತೀನಿ."

ಸರಿ ಎನ್ನಬೇಕೆಂದು ಅವನು ಬಾಯಿ ತೆರೆದ. ನಾಲ್ಕು ವರ್ಷದಲ್ಲಿ ಒಂದು ದಿನವೂ ಅದನ್ನು ಮುಟ್ಟಿದವನಲ್ಲ. ಆದರೆ ಅದು ಹೋದರೆ ಆ ಕೋಣೆಯಲ್ಲಿ ಅವಳ ಮಾತು ಕೇಳಿದವರು ಯಾರೂ ಇರುವುದಿಲ್ಲ ಎಂಬುದು ಹೊಳೆಯಿತು. ಅದು ದುಃಖವಾಗಿ ಹೊಳೆಯಲಿಲ್ಲ, ಗೋದಾಮಿನಲ್ಲಿ ಒಂದು ಮಾಲು ಕೊನೆಯ ಶೀಟಿಗೆ ಬಂದಿದೆ ಎಂದು ಗೊತ್ತಾದ ಹಾಗೆ ಹೊಳೆಯಿತು.

"ಭಾನುವಾರದೊಳಗೆ ಮನೆ ಮಾಡಿಸ್ತೀನಿ," ಎಂದ. "ಆಗಲೂ ಅದು ಹೀಗೇ ಇದ್ರೆ ತಗೊಂಡು ಹೋಗು."

ಅಳತೆ ಹುಡುಕಬೇಕಾಗಲಿಲ್ಲ. ಯಂತ್ರದ ಡ್ರಾಯರಿನಲ್ಲಿ, ಗಿರಾಕಿಗಳ ಅಳತೆ ಚೀಟಿಗಳ ನಡುವೆಯೇ ಮಾವನ ಚೀಟಿಯೂ ಇತ್ತು. ಮೂಗಿನಿಂದ ಬಾಲದ ತುದಿ ಇಪ್ಪತ್ತೊಂದು ಇಂಚು, ಸೊಂಟ ಒಂಬತ್ತು, ಕುತ್ತಿಗೆ ಐದೂವರೆ, ತೋಳು ಅಳೆಯಲು ಬಿಡಲಿಲ್ಲ. ಕೆಳಗೆ, ಮನೆ: ಉದ್ದ ನಾಲ್ಕಡಿ, ಅಗಲ ಎರಡು, ಎತ್ತರ ಎರಡು. ಪಕ್ಕದಲ್ಲಿ, ಬೆಳೆಯುವ ಮಕ್ಕಳ ಬಟ್ಟೆಗೆ ಬರೆಯುವ ಹಾಗೆ, ಒಂದಿಂಚು ಸಡಿಲ ಇರಲಿ. ಗ್ಯಾರಂಟಿ ಚೀಟಿಯನ್ನು ಎರಡು ಸಲ ಓದಿ ಅಂಗಿಯ ಜೇಬಿನಲ್ಲಿಟ್ಟುಕೊಂಡ.

ಸೋಮವಾರ ಬಡಗಿಯನ್ನು ಕರೆಸಿದ. ಹಿಂದಿನ ಓಣಿಯಲ್ಲಿ ಷೆಡ್ಡು ಹಾಕಿಕೊಂಡಿದ್ದ ಈ ಮೇಸ್ತ್ರಿ ಗ್ಯಾರಂಟಿಯ ಮಾಲಿನಲ್ಲೇ ಇಡೀ ಬಡಾವಣೆಯ ಅಡುಗೆಮನೆಗಳನ್ನು ಮಾಡಿದವನು. ಇಬ್ಬರೂ ಅಂಗಡಿಯೊಳಗೆ ಓಡಾಡಿ ಓತಿಕ್ಯಾತಕ್ಕೆ ತಕ್ಕ ಮಾಲು ಹುಡುಕಿದರು. ಪೂರ್ತಿ ಗಾಜಿನದ್ದು ಮಾಡೋಣವೇ ಎಂದ ಮೇಸ್ತ್ರಿ. ಗಾಜು ಶಾಖ ಹಿಡಿಯಲ್ಲ, ಮೇಲಾಗಿ ಪಕ್ಕದವನು ಜನ್ಮವಿಡೀ ಆಡಿಕೊಳ್ಳುತ್ತಾನೆ, ಮುಂದಿನ ಬಾಗಿಲಿಗೆ ಮಾತ್ರ ಗಾಜು ಸಾಕು ಎಂದ ಗ್ಯಾರಂಟಿ. ಪುಡಿಮರವನ್ನು ಒತ್ತಿ ಮಾಡಿದ ಬೋರ್ಡು ನೀರಿನ ಬಟ್ಟಲು ಚೆಲ್ಲಿದರೆ ರೊಟ್ಟಿಯ ಹಾಗೆ ಉಬ್ಬುತ್ತದೆ. ಪ್ಲಾಸ್ಟಿಕ್ಕಿನ ಶೀಟು ಹಗುರ, ಚೆಂದ, ಆದರೆ ದೀಪದ ಕೆಳಗೆ ಬಾಗಿದರೆ ಕಷ್ಟ. ಕೊನೆಗೆ ಗ್ಯಾರಂಟಿ ಗೋದಾಮಿನ ಹಿಂದಿನ ಗೋಡೆಗೆ ಒರಗಿಸಿದ್ದ ಶೀಟನ್ನು ತಟ್ಟಿದ. ಮುಕ್ಕಾಲು ಇಂಚು ದಪ್ಪ, ನೀರಿಗೆ ಜಗ್ಗದ್ದು, ಪದರಪದರಕ್ಕೂ ಮದ್ದು ಕುಡಿಸಿದ್ದು. ಅಂಗಡಿಯಲ್ಲಿ ಅದಕ್ಕಿಂತ ಮೇಲಿನ ಮಾಲಿರಲಿಲ್ಲ.

"ಓತಿಕ್ಯಾತಕ್ಕೆ ಇದಾ ಸಾಹುಕಾರ್ರೆ?" ಎಂದ ಮೇಸ್ತ್ರಿ. "ನನ್ನ ಮಗಳ ಮದುವೆ ಬೀರುಗೇ ಇದನ್ನ ನೀವು ಕೊಡಲಿಲ್ಲ."

"ನಿನ್ನ ಮಗಳಿಗೆ ನಮ್ಮಪ್ಪನ ಗಡ್ಡ ಇಲ್ಲ. ಕುಯ್ಯಿ."

ಮೂರು ದಿನದಲ್ಲಿ ಮನೆ ಎದ್ದಿತು. ಗಾಳಿಗೆ ಎರಡು ಬದಿ ಸ್ಟೀಲ್ ಜಾಲರಿಯ ಕಿಂಡಿ, ದೀಪಕ್ಕೆ ಮೇಲೆ ಗೂಡು, ಮೈ ಸುಟ್ಟುಕೊಳ್ಳದಂತೆ ದೀಪದ ಸುತ್ತ ತಂತಿಯ ಬುಟ್ಟಿ, ನೆಲಕ್ಕೆ ಒರಟು ಟೈಲ್ಸು, ಜಾರುವ ಗಾಜಿನ ಬಾಗಿಲು. ಸಂದಿಗೊಂದಿಗೆಲ್ಲ ಅಂಟು. ಮೂಲೆಗಳಲ್ಲಿ ಬ್ಲೇಡು ತೂರುವಷ್ಟೂ ಜಾಗವಿರಲಿಲ್ಲ. ಮೇಸ್ತ್ರಿ ಕಣ್ಣೊರೆಸಿಕೊಳ್ಳುತ್ತಾ, ಒಂದು ವಾರ ಬಾಗಿಲು ತೆರೆದು ಗಾಳಿಗೆ ಇಡೋಣ, ವಾಸನೆ ಜಾಸ್ತಿ ಇದೆ ಎಂದ. ಗ್ಯಾರಂಟಿ ಮೂಗು ಒಳಗಿಟ್ಟು ನೋಡಿದ. ಏನೂ ಇರಲಿಲ್ಲ. ಭಾನುವಾರಕ್ಕೆ ಇನ್ನು ಮೂರೇ ದಿನ ಇತ್ತು.

ಗುರುವಾರ ಬೆಳಿಗ್ಗೆ ಮಾವನ ಗೃಹಪ್ರವೇಶವಾಯಿತು. ಹೆಂಡತಿ ಎತ್ತುತ್ತಿದ್ದದ್ದನ್ನು ನೆನಪಿಸಿಕೊಂಡು ಹೊಟ್ಟೆಯ ಕೆಳಗೆ ಅಂಗೈ ಕೊಟ್ಟ. ಒಣಗಿದ ಹೀರೇಕಾಯಿ ಹಿಡಿದಂತಿತ್ತು. ಸಾಕುಪ್ರಾಣಿ ಅಂಗಡಿಯಿಂದ ತಂದ ಜೀರುಂಡೆಗಳಲ್ಲಿ ಹತ್ತನ್ನು ಒಳಗೆ ಬಿಟ್ಟು, ದೀಪ ಹಾಕಿ, ಅಂಗಡಿಗೆ ಹೋದ.

ಮಧ್ಯಾಹ್ನ ಬಂದು ನೋಡಿದರೆ ಹತ್ತೂ ಜೀರುಂಡೆ ಕಾಲು ಮೇಲೆ ಮಾಡಿ ಬಿದ್ದಿದ್ದವು. ಮಾವ ಒಂದನ್ನೂ ಮುಟ್ಟಿರಲಿಲ್ಲ. ಗ್ಯಾರಂಟಿಗೆ ಮೊದಲು ಬಂದದ್ದು ಗಿರಾಕಿಯ ಸಿಟ್ಟು: ಹಳೇ ಮಾಲು ತಳ್ಳಿದ್ದಾನೆ. ಶುಕ್ರವಾರ ಬೆಳಿಗ್ಗೆ ಸಾಕುಪ್ರಾಣಿ ಅಂಗಡಿಗೆ ಹೋಗಿ ಜಗಳ ಕಾದು ಹೊಸ ಪೊಟ್ಟಣ ತಂದ, ಅಂಗಡಿಯವನೆದುರೇ ಅಲ್ಲಾಡಿಸಿ ಎಲ್ಲ ಕುಪ್ಪಳಿಸುವುದನ್ನು ಖಾತ್ರಿ ಮಾಡಿಕೊಂಡು. ಅದರಿಂದ ಒಳಗೆ ಬಿಟ್ಟ ಹತ್ತೂ ಊಟದ ಹೊತ್ತಿಗೆ ಅಂಗಾತ. ಮಾವನ ಗಡ್ಡ ಮಸಿ ಬಳಿದ ಹಾಗೆ ಕಪ್ಪಾಗಿತ್ತು. ಬಾಯಿ ಅರ್ಧ ತೆರೆದಿತ್ತು, ಕಣ್ಣು ಮುಚ್ಚಿತ್ತು. ದೀಪದಿಂದ ದೂರದ ಮೂಲೆಗೆ ಹೋಗಿ ಮೂಗನ್ನು ಜಾಲರಿಯ ಕಿಂಡಿಗೆ ಒತ್ತಿಕೊಂಡಿತ್ತು. ಗ್ಯಾರಂಟಿ ಅದರ ಮುಂದೆ ಕುಕ್ಕರುಗಾಲಲ್ಲಿ ಕೂತ. ಶಾಖ ಹೆಚ್ಚಾಯಿತೇನೋ ಎಂದು ದೀಪವನ್ನು ಒಂದು ಬೆರಳು ಮೇಲಕ್ಕೆ ಏರಿಸಿ, ಅನ್ನ ಮುಟ್ಟದೆ ಅಂಗಡಿಗೆ ಹಿಂತಿರುಗಿದ.

ಅಲ್ಲಿ ಹೊಸ ಮನೆ ಕಟ್ಟಿಸುತ್ತಿದ್ದ ದಂಪತಿ ಕಾದಿದ್ದರು. ಹೆಂಗಸು ಶೀಟಿನ ಅಂಚನ್ನು ಉಗುರಿನಿಂದ ಕೆರೆದು, ಹುಳ ಹತ್ತಲ್ಲ ತಾನೆ ಎಂದು ಕೇಳಿದಳು. ಗ್ಯಾರಂಟಿಯ ಬಾಯಿ ತನ್ನಷ್ಟಕ್ಕೇ ಕೆಲಸ ಶುರು ಮಾಡಿತು. ಮೂವತ್ತೆರಡು ವರ್ಷದ ಅಭ್ಯಾಸ, ಯಜಮಾನನ ಅಪ್ಪಣೆ ಬೇಕಾಗಿರಲಿಲ್ಲ. ಅಂಗೈ ಶೀಟಿನ ಮೇಲೆ ಬಡಿಯಿತು, ಇನ್ನೊಂದು ಕೈ ಜಾಡಿಯನ್ನು ಮುಂದೆ ತಳ್ಳಿತು.

"ಹತ್ತೋದು ಹಾಗಿರಲಿ ತಾಯಿ, ಇದರ ಜೊತೆ ಒಂದು ಮುಚ್ಚಳದೊಳಗೆ ಅರ್ಧ ದಿನ ಇದ್ರೆ ಸಾಕು, ಯಾವ ಹುಳವೂ—"

ಮಾತು ಅಲ್ಲಿಗೆ ನಿಂತಿತು. ಜಾಡಿಯಲ್ಲಿ ಗೆದ್ದಲುಗಳು ಎಂಟು ವರ್ಷದಿಂದ ಬಿದ್ದಿದ್ದಂತೆಯೇ ಬಿದ್ದಿದ್ದವು, ಕಾಲು ಮೇಲೆ ಮಾಡಿ.

ಗಂಡ ಹೆಂಡತಿ ಇನ್ನೂ ಶೀಟು ನೋಡುತ್ತಿರುವಾಗಲೇ ಅವನು ಕೌಂಟರಿನಿಂದ ಇಳಿದು ಹೊರಟ. ಗಿರಾಕಿಯನ್ನು ಬಿಟ್ಟು ಹೋಗುವ ಸಾಹುಕಾರನನ್ನು ಆ ರಸ್ತೆ ನೋಡಿರಲಿಲ್ಲ. ಮನೆಗೆ ಬಂದು ಮಾವನನ್ನು ಎರಡೂ ಕೈಯಲ್ಲಿ ಎತ್ತಿಕೊಂಡ. ಬಟ್ಟೆ ನೆನೆಸುವ ದೊಡ್ಡ ಪ್ಲಾಸ್ಟಿಕ್ ಟಬ್ಬಿನಲ್ಲಿ ಅದರ ಹಳೆಯ ಕಲ್ಲಿಟ್ಟು, ಮೇಲೆ ದೀಪ ಕಟ್ಟಿ, ಕಿಟಕಿಯೆಲ್ಲ ತೆರೆದ. ಸಾಕುಪ್ರಾಣಿ ಅಂಗಡಿಗೆ ಫೋನು ಮಾಡಿ, ಬೆಳಿಗ್ಗೆ ಆಡಿದ್ದನ್ನೆಲ್ಲ ನುಂಗಿಕೊಂಡು ಏನು ಮಾಡಬೇಕೆಂದು ಕೇಳಿದ. ಒಳ್ಳೇ ಗಾಳಿ, ಹದವಾದ ಬಿಸಿ, ಸ್ವಲ್ಪ ನೀರು ಕೊಡಿ. ನಾಳೆ ನಾಡಿದ್ದರಲ್ಲಿ ಕಣ್ಣು ಬಿಡದಿದ್ದರೆ ಪ್ರಾಣಿಗಳ ಡಾಕ್ಟರ್ ಹತ್ತಿರ ಹೋಗಿ ಎಂದ ಅಂಗಡಿಯವನು. ಆ ಹಲಗೆ ಯಾರ ಅಂಗಡಿಯದು ಎಂದು ಕೇಳಲಿಲ್ಲ. ವ್ಯಾಪಾರಿಗೆ ವ್ಯಾಪಾರಿ ತೋರಿಸುವ ದಯೆ ಅದು.

ಹೆಂಡತಿ ಬಾಯಿಬಿಟ್ಟು ಕೇಳಿದ್ದದ್ದು ಆಗ ಅವನಿಗೆ ನೆನಪಾಯಿತು.

ಸಂಜೆ ನಾಲ್ಕರ ಹೊತ್ತಿಗೆ ಇಡೀ ರಸ್ತೆ ಕಂಡದ್ದು ಇದನ್ನು: ಗಾಜಿನಂಗಡಿಯ ಹಿಂದಿನ ಕಸದ ಗುಡ್ಡೆಯಲ್ಲಿ, ಒಡೆದ ಗಾಜಿನ ಚೂರುಗಳ ನಡುವೆ, ಗ್ಯಾರಂಟಿ ಪಂಚೆ ಮೇಲೆ ಕಟ್ಟಿ ಪೆಟ್ಟಿಗೆ ಹಲಗೆಗಳನ್ನು ಒಂದೊಂದಾಗಿ ತಿರುಗಿಸಿ ನೋಡುತ್ತಿದ್ದ. ಗಾಜಿನಂಗಡಿಯವನು ಹೊರಗೆ ಬಂದ. ಇಪ್ಪತ್ತು ವರ್ಷ ಕಾದ ಘಳಿಗೆ ತಾನಾಗಿ ಮನೆ ಬಾಗಿಲಿಗೆ ಬಂದಿತ್ತು.

"ಏನು ಸಾಹುಕಾರ್ರೆ, ಒಲೆಗಾ?"

"ನಮ್ಮಪ್ಪನಿಗೆ," ಎಂದ ಗ್ಯಾರಂಟಿ, ತಲೆ ಎತ್ತದೆ.

ಗಾಜಿನಂಗಡಿಯವನಿಗೆ ಇನ್ನೂ ಎರಡು ಮಾತು ನಾಲಗೆಯ ತುದಿಯಲ್ಲಿದ್ದವು. ಅವನು ಅವನ್ನು ಅಲ್ಲೇ ಬಿಟ್ಟು, ಚಪ್ಪಲಿ ಸರಿಮಾಡಿಕೊಂಡು ಗುಡ್ಡೆಗೆ ಇಳಿದ.

"ಎಲ್ಲ ಹಲಗೆಯೂ ಒಂದೇ ಅಲ್ಲ," ಎಂದ. "ಮುದ್ರೆ ನೋಡಿ ತಗೋಬೇಕು. ಇದು ಬಿಸಿಗಾಳೀಲಿ ಒಣಗಿಸಿದ್ದು. ಅದಕ್ಕೆ ಹೊಗೆಮದ್ದು ಕೊಟ್ಟಿರ್ತಾರೆ, ಮುಟ್ಟಬೇಡಿ. ನಿಮ್ಮ ಮನೆಯವರು ಬಂದಾಗಲೂ ಇದನ್ನೇ ಹೇಳಿದ್ದೆ."

"ಅವಳು ಬಂದಿದ್ಲಾ?"

"ಎರಡು ಸಲ. ಮೂಸಿ ಮೂಸಿ ನೋಡಿದ್ರು. ಎತ್ತಿಡಿ, ನಮ್ಮೆಜಮಾನ್ರು ಒಪ್ಪಿದ ಮೇಲೆ ಒಯ್ತೀನಿ ಅಂದ್ರು. ಎತ್ತಿಟ್ಟಿದ್ದೆ. ಮಳೆಗಾಲದಲ್ಲಿ ಯಾರೋ ಒಯ್ದುಬಿಟ್ರು."

ಗ್ಯಾರಂಟಿ ಆ ಮಾತನ್ನು ಕೇಳಿದ, ತೂಗಿದ, ಎಲ್ಲಿಡಬೇಕೆಂದು ತಿಳಿಯದೆ ಕೈಯಲ್ಲಿದ್ದ ಹಲಗೆಯ ಮೊಳೆ ಕೀಳಲು ತೊಡಗಿದ.

ಮೂಸಿ ನೋಡಲು ಅವನಿಗೆ ಮೂಗಿರಲಿಲ್ಲ, ಬೇರೆಯವರ ಮೂಗನ್ನು ನಂಬಿ ಮಾಲು ತೆಗೆದುಕೊಳ್ಳುವ ಜಾತಿಯವನೂ ಅಲ್ಲ. ಹೊತ್ತು ಮುಳುಗುವ ಮುಂಚೆ ಹೆಂಡತಿ ಗುಂಡಿ ತುಂಬಿಟ್ಟಿದ್ದ ನಾಲ್ಕು ಗಾಜಿನ ಜಾಡಿ ಖಾಲಿ ಮಾಡಿದ. ಒಂದರಲ್ಲಿ ಬಿಸಿಗಾಳಿಯ ಮುದ್ರೆಯ ಹಲಗೆಯ ರಂದದ ಪುಡಿ, ಒಂದರಲ್ಲಿ ಮುದ್ರೆಯೇ ಇಲ್ಲದ ಹಲಗೆಯದು, ಒಂದರಲ್ಲಿ ಏನೂ ಇಲ್ಲ. ನಾಲ್ಕನೆಯದರಲ್ಲಿ, ವ್ಯಾಪಾರದಲ್ಲಿ ನ್ಯಾಯ ಇರಬೇಕಲ್ಲ, ತನ್ನ ನಂಬರ್ ಒನ್ ಮಾಲಿನ ಪುಡಿ. ಪೊಟ್ಟಣದಲ್ಲಿ ಉಳಿದಿದ್ದ ಜೀರುಂಡೆಗಳಲ್ಲಿ ತಲಾ ಐದು. ಮುಚ್ಚಳಕ್ಕೆ ಒಂದೊಂದೇ ತೂತು. ನಾಲ್ಕನ್ನೂ ಸಾಲಾಗಿ ಮಾವನ ಇನ್ನೊಂದು ದೀಪದ ಕೆಳಗಿಟ್ಟು, ಹೆಂಡತಿಯ ಕುರ್ಚಿಯ ಮೇಲೆ ಸುರಿದ ಗುಂಡಿಗಳನ್ನು ಬಣ್ಣಬಣ್ಣಕ್ಕೆ ಬೇರೆ ಮಾಡಿಟ್ಟು ಮಲಗಿದ.

ಶನಿವಾರ ಬೆಳಿಗ್ಗೆ ಅವನು ಎದ್ದದ್ದು ಸದ್ದಿಗೆ. ಮುಂದಿನ ಕೋಣೆಯಿಂದ ಕಿರ್‌ ಕಿರ್ ಎಂದು ಎಡೆಬಿಡದೆ ಬರುತ್ತಿತ್ತು. ನಿದ್ದೆಗಣ್ಣಿಗೆ ಹೊಲಿಗೆ ಯಂತ್ರ ಓಡುತ್ತಿದೆ ಅನ್ನಿಸಿತು. ಎದ್ದು ಕೂತು, ಅಲ್ಲ ಎಂದು ತಿಳಿಯುವವರೆಗೆ ಸುಮ್ಮನೆ ಕೇಳಿದ. ಆಮೇಲೆ ಹೋಗಿ ನೋಡಿದ. ಖಾಲಿ ಜಾಡಿಯಲ್ಲಿ ಐದೂ ಇದ್ದವು. ಮುದ್ರೆಯಿಲ್ಲದ ಮರದಲ್ಲಿ ಎರಡು ಬಿದ್ದಿದ್ದವು. ತನ್ನ ಮಾಲಿನಲ್ಲಿ ಐದೂ ಹೋಗಿದ್ದವು, ಗ್ಯಾರಂಟಿ ಸುಳ್ಳಾಗಿರಲಿಲ್ಲ. ಬಿಸಿಗಾಳಿಯ ಮುದ್ರೆಯ ಪುಡಿಯ ಮೇಲೆ ನಾಲ್ಕು ಕುಪ್ಪಳಿಸುತ್ತಿದ್ದವು. ಐದನೆಯದು ಪುಡಿಯ ಗುಪ್ಪೆಯ ಮೇಲೆ ಹತ್ತಿ ಕೂತು, ಬಾಡಿಗೆ ಕಟ್ಟಿದವನ ಧೈರ್ಯದಲ್ಲಿ ಹಾಡುತ್ತಿತ್ತು.

ಟಬ್ಬಿನಲ್ಲಿ ಮಾವ ಒಂದು ಕಣ್ಣು ತೆರೆದು ಅವನನ್ನು ನೋಡಿತು. ಗಡ್ಡದ ಕಪ್ಪು ಅಂಚಿಗೆ ಸರಿದಿತ್ತು.

ಮೇಸ್ತ್ರಿ ಶನಿವಾರ ಇಡೀ ದಿನ ಮನೆಯಲ್ಲೇ ಕೂತು ಕೆಲಸ ಮಾಡಿದ. ಅಂಟು ಬೇಡ, ಸ್ಕ್ರೂ ಮಾತ್ರ. ಬಣ್ಣ ಬೇಡ, ಪಾಲಿಶ್ ಬೇಡ. ಪ್ಲೈವುಡ್ಡಿನ ಡಬ್ಬದಿಂದ ಬಾಗಿಲ ಗಾಜು, ಟೈಲ್ಸು, ಜಾಲರಿ ಬಿಚ್ಚಿ ಸೋಪು ನೀರಿನಲ್ಲಿ ತೊಳೆದು ಹಾಕಿದರು. ಪೆಟ್ಟಿಗೆಯ ಹಲಗೆಗಳು ನಾಲ್ಕಡಿಗೆ ಸಾಲದೆ ಎರಡೆರಡು ಜೋಡಿಸಬೇಕಾಯಿತು. ಗಂಟುಗಳು, ಹಳೇ ಮೊಳೆಯ ತೂತುಗಳು, ಒಂದು ಕಡೆ ಗೀಚಿದ ಯಾವುದೋ ಗೋದಾಮಿನ ನಂಬರು. ಮುಂದಿನ ಪಟ್ಟಿಯ ಮೇಲೆ ದಪ್ಪ ಕಪ್ಪು ಬಾಣ, ಈ ಕಡೆ ಮೇಲೆ ಎಂದು ನೆಲದ ಕಡೆ ತೋರಿಸುತ್ತಿತ್ತು. ಇಂಥದ್ದನ್ನು ತನ್ನ ಕೈಯಿಂದ ಮಾಡಿದ್ದು ಯಾರಿಗೂ ಹೇಳಬೇಡಿ ಎಂದ ಮೇಸ್ತ್ರಿ. ಕಡೇಪಕ್ಷ ಆ ಹಲಗೆಯನ್ನಾದರೂ ತಿರುಗಿಸಿ ಹಾಕುತ್ತೇನೆ ಎಂದ. ಇರಲಿ ಬಿಡು ಎಂದ ಗ್ಯಾರಂಟಿ. ಕೆಲಸ ಮುಗಿದಾಗ ಜೇಬಿನ ಚೀಟಿ ತೆಗೆದು ಟೇಪು ಹಿಡಿದು ಅಳೆದ. ಉದ್ದದಲ್ಲಿ ಒಂದಿಂಚು ಸಡಿಲ ಇತ್ತು.

ಭಾನುವಾರ ಮಗಳು ಒಂದು ಕೈಯಲ್ಲಿ ಊಟದ ಡಬ್ಬಿ, ಇನ್ನೊಂದರಲ್ಲಿ ಮಾವನನ್ನು ಒಯ್ಯಲು ತೂತು ಮಾಡಿದ ರಟ್ಟಿನ ಪೆಟ್ಟಿಗೆ ಹಿಡಿದು ಬಂದಳು. ಮುಂದಿನ ಕೋಣೆಯ ಬಾಗಿಲಲ್ಲೇ ನಿಂತಳು. ಹೊಲಿಗೆ ಯಂತ್ರದ ಪಕ್ಕ, ಅಮ್ಮನ ಕುರ್ಚಿಯ ಎದುರಿಗೆ, ಮೊಳೆ ತೂತಿನ ಆ ಡಬ್ಬ. ಒಳಗೆ ಮಾವ ಕಲ್ಲಿನ ಮೇಲೆ ಮುಂಗಾಲು ಊರಿ ಎದೆಯೆತ್ತಿ ಕೂತಿತ್ತು. ಗಡ್ಡ ಒಣಹುಲ್ಲಿನ ಬಣ್ಣಕ್ಕೆ ಬಂದಿತ್ತು.

"ತಿಂತಾ?"

"ಬೆಳಿಗ್ಗೆ ಒಂದು ತಿಂತು. ಇನ್ನೊಂದನ್ನ ನೋಡ್ತಾ ಇದೆ."

ಇಬ್ಬರೂ ನಿಂತು ನೋಡಿದರು. ಜೀರುಂಡೆ ಟೈಲ್ಸಿನ ಮೇಲೆ ಎರಡು ಹೆಜ್ಜೆ ನಡೆದು ನಿಂತಿತು. ಮಾವ ತಲೆ ವಾರೆ ಮಾಡಿ ಲೆಕ್ಕ ಹಾಕಿತು, ದೊಡ್ಡ ಸಾಹುಕಾರರು ಗಿರಾಕಿಯನ್ನು ಅಳೆಯುತ್ತಿದ್ದ ಹಾಗೆಯೇ. ನಾಲಗೆ ಚಾಚಿದ್ದು ಕಾಣಲಿಲ್ಲ. ಜೀರುಂಡೆ ಇರಲಿಲ್ಲ.

ಮಗಳು ಬಗ್ಗಿ ಬಾಗಿಲ ಸಂದಿಯಲ್ಲಿ ಉಸಿರೆಳೆದಳು. ಬರಿಯ ಮರದ ವಾಸನೆ, ಪೆನ್ಸಿಲ್ ಕೆತ್ತಿದ ಹಾಗೆ ಎಂದಳು. ಅವನಿಗೆ ಅದು ಬರುತ್ತಿರಲಿಲ್ಲ. ಹೌದಾ ಎಂದ.

"ನಿಮ್ಮಮ್ಮ ಪೆಟ್ಟಿಗೆ ಹಲಗೆ ಸಾಕು ಅಂದಿದ್ಲು," ಎಂದ.

"ಯಾಕೆ ಅಂತ ಹೇಳಿದ್ಲಾ?"

"ನಾನು ಕೇಳಲಿಲ್ಲ."

ಮಗಳು ರಟ್ಟಿನ ಪೆಟ್ಟಿಗೆಯನ್ನು ಚಪ್ಪಟೆಯಾಗಿ ಮಡಚಿ ಬೀರುವಿನ ಹಿಂದೆ ತೂರಿಸಿದಳು. ಡಬ್ಬಿ ಬಿಚ್ಚಿ ಬಡಿಸಿದಳು. ಅವನು ತಿಂದ. ರುಚಿ ಇತ್ತೋ ಇಲ್ಲವೋ, ತಟ್ಟೆ ಖಾಲಿಯಾಯಿತು. ಮಗಳು ಅದನ್ನು ನೋಡಿಯೂ ನೋಡದವಳ ಹಾಗೆ ತೊಳೆದಿಟ್ಟಳು.

ಸೋಮವಾರ ಮೊದಲ ಗಿರಾಕಿ ಬಂದಾಗ ಕೌಂಟರಿನ ಮೇಲೆ ಜಾಡಿ ಇರಲಿಲ್ಲ. ಅದು ಇದ್ದ ಜಾಗದಲ್ಲಿ ಧೂಳು ಕೂರದ ಒಂದು ದುಂಡನೆಯ ಗುರುತು ಮಾತ್ರ ಇತ್ತು. ಗಿರಾಕಿ ನಡುವಯಸ್ಸಿನವನು. ಬೀರು ಮಾಡಿಸಲು ಮುಕ್ಕಾಲು ಇಂಚಿನ ಶೀಟು ಎರಡು ಬೇಕೆಂದ, ಒಳ್ಳೇದು ಕೊಡಿ, ಹುಳ ಹತ್ತಬಾರದು ಎಂದ. ಗ್ಯಾರಂಟಿಯ ಅಂಗೈ ರೂಢಿಯಂತೆ ಎದ್ದಿತು, ಶೀಟಿನ ಮೇಲೆ ಮೆಲ್ಲಗೆ ಕೂತಿತು.

"ಕೊಡ್ತೀನಿ," ಎಂದ. "ಅದರೊಳಗೆ ಏನು ಇಡ್ತೀರಿ?"

ಮೂವತ್ತೆರಡು ವರ್ಷದಲ್ಲಿ ಅವನು ಯಾರನ್ನೂ ಹಾಗೆ ಕೇಳಿರಲಿಲ್ಲ. ಗಿರಾಕಿಗೆ ಅದು ಗೊತ್ತಿರಲಿಲ್ಲವಾದ್ದರಿಂದ, ಬಟ್ಟೆಬರೆ ಎಂದು ಹೇಳಿ, ರೇಟು ಕೇಳಿದ.